ದೋಣಿಯ ತಳದ ಪಚ್ಚಿಲೆ

ಪ್ರೇರಣಾ ಮಲ್ಪೆಯ ಮೀನುಗಾರರ ಮನೆಯ ಹುಡುಗಿ. ಆಸ್ಟ್ರೇಲಿಯಾದ ಪರ್ತ್‌ನ ಸದರ್ನ್ ರಿವರ್ ಎಂಬ ಬಡಾವಣೆಯಲ್ಲಿ ನಾವಿಬ್ಬರೂ ಒಂದು ಬಾಡಿಗೆ ಮನೆ ಹಂಚಿಕೊಂಡಿದ್ದೆವು. ಅವಳು ಓದುತ್ತಿದ್ದದ್ದು ನರ್ಸಿಂಗ್. ಉಳಿದ ಹೊತ್ತೆಲ್ಲ ದೋಣಿಗಳನ್ನು ದಡಕ್ಕೆತ್ತಿ ತಳ ಕೆರೆಯುವ ಯಾರ್ಡಿನಲ್ಲಿ ದುಡಿತ. ವಿದ್ಯಾರ್ಥಿ ವೀಸಾದವರು ಹದಿನೈದು ದಿನಕ್ಕೆ ನಲವತ್ತೆಂಟು ಗಂಟೆ ಮಾತ್ರ ದುಡಿಯಬಹುದು. ಇವಳು ಎಪ್ಪತ್ತು ದುಡಿಯುತ್ತಿದ್ದಳು. ಬೈದು ಬೈದು ನನಗೇ ಸುಸ್ತಾಗಿತ್ತು.

ಒಂದು ಶನಿವಾರ ಸಂಜೆ ಚೀಲದ ತುಂಬ ಹಸಿರಂಚಿನ ಚಿಪ್ಪುಮೀನು ತಂದಳು. ದೂರದ ಬಂದರಿನಿಂದ ಬಂದ ದೋಣಿಯ ತಳಕ್ಕೆ ಅಂಟಿದ್ದವಂತೆ.

“ಪಚ್ಚಿಲೆ ಮಾರಾಯ್ತಿ! ನಮ್ಮೂರ ಬಂಡೆ ಮೇಲೆ ಇರ್ತದಲ್ಲ, ಅದೇ!”

“ಚಿಪ್ಪು ಅಂಟ್ದಿರ್ಲಿ ಅಂತ ದೋಣಿಗೆ ಬಳಿಯೋ ವಿಷಾನೂ ಸೇರ್ಸಿ ತಿಂತೀಯೇನೇ?” ಎಂದೆ. ಬಾಯಿಚಪಲದ ಮುಂದೆ ನನ್ನ ಮಾತೆಲ್ಲಿ ನಡೆಯಬೇಕು? ತೆಂಗಿನಕಾಯಿ ಹುರಿದು ಸುಕ್ಕ ಮಾಡಿದಳು, ಫೋಟೊ ತೆಗೆದು ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿದಳು.

ಹತ್ತೇ ನಿಮಿಷಕ್ಕೆ ಅವಳಿಗೆ ಉದಯಶಂಕರ್ ಅಂಕಲ್ ಫೋನ್ ಬಂತು. ಅವರಿಗೆ ಮೀನುಗಾರಿಕೆ ಇಲಾಖೆಯಲ್ಲಿ ಕೆಲಸ.

“ಅದು ಈ ನೀರಿಂದಲ್ಲಮ್ಮ. ನದಿಗೆ ಸೇರ್ಕೊಂಡ್ರೆ ಇಲ್ಲಿರೋ ಜೀವಗಳಿಗೆ ಜಾಗಾನೇ ಬಿಡಲ್ಲ. ಎಲ್ಲಿ ಸಿಕ್ತು?”

“ಅಂಗಡಿಯ ಫ್ರೋಜನ್, ಅಂಕಲ್,” ಎಂದಳು.

ಅಂಕಲ್ ನಂಬಿದರು. ಪ್ರೇರಣಾ ತಟ್ಟೆ ಮುಟ್ಟಲಿಲ್ಲ. ದೋಣಿಯ ನೀರೆಳೆಯುವ ಕೊಳವೆಯೊಳಗೆ, ಕೈ ಹೋಗದ ಕಡೆ, ಇನ್ನೂ ಪಚ್ಚಿಲೆ ಇದ್ದವಂತೆ. ಸೋಮವಾರ ಬೆಳಿಗ್ಗೆ ದೋಣಿ ನದಿಗಿಳಿಯಲಿತ್ತು. ಹೇಳಿದರೆ ಯಾರ್ಡಿಗೆ ಅಧಿಕಾರಿಗಳು ಬರುತ್ತಾರೆ, ಇವಳ ಗಂಟೆಗಳು ಬಯಲಾಗುತ್ತವೆ, ವೀಸಾ ಹೋಗುತ್ತದೆ. ಸುಮ್ಮನಿದ್ದರೆ ನದಿ ಕೆಡುತ್ತದೆ. ಅತ್ತ ದರಿ, ಇತ್ತ ಪುಲಿ.

ಭಾನುವಾರ ಪೂರ್ತಿ ಒರೆಸಿದ ಅಡುಗೆಕಟ್ಟೆಯನ್ನೇ ಒರೆಸಿದಳು. “ನನ್ನ ಹೆಸರು ಬಾರದ ಹಾಗೆ ಹೇಳ್ಲಿಕ್ಕೆ ಆಗುದಿಲ್ವಾ?” ಎಂದು ಮೂರು ಸಲ ಕೇಳಿದಳು. ಫೋಟೊವನ್ನು ಆಗಲೇ ಊರೆಲ್ಲ ನೋಡಿಯಾಗಿತ್ತು. ಹೇಳಲು ನನಗೆ ನಾಚಿಕೆಯಾಗುತ್ತದೆ, “ಸುಮ್ನಿದ್ಬಿಡೇ, ನದಿ ಏನು ನಿಮ್ಮಪ್ಪಂದಾ?” ಎಂದುಬಿಟ್ಟೆ.

“ನೀರು ಕೆಟ್ರೆ ಏನಾಗ್ತದೆ ಅಂತ ನಮ್ಮಪ್ಪನಿಗೆ ಗೊತ್ತುಂಟು,” ಎಂದಳು.

ಸಂಜೆ ತಾನೇ ಅಂಕಲ್‌ಗೆ ಫೋನ್ ಮಾಡಿ, ಸುಳ್ಳು ಹೇಳಿದ್ದೆ ಎಂದಳು. ಯಾರ್ಡಿನ ಹೆಸರು, ದೋಣಿಯ ಹೆಸರು, ಎಲ್ಲ ಹೇಳಿದಳು. ಅಂಕಲ್ ಬಾಯಿ ತುಂಬ ಹೊಗಳಿದರು. ಆಮೇಲೆ ದೂರಿನ ಫಾರಂ ತುಂಬುತ್ತ ಕೇಳಿದರು: “ಅಲ್ಲಾ, ನೀನ್ಯಾಕಮ್ಮ ಅಲ್ಲಿಗೆ ಹೋಗಿದ್ದೆ?”

ಪ್ರೇರಣಾ ನನ್ನ ಮುಖ ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ.

“ಕೆಲಸಕ್ಕೆ, ಅಂಕಲ್,” ಎಂದಳು. “ಬರ್ಕೊಳ್ಳಿ.”