ಮೂವರಿಗೂ ಒಂದೇ ಪಾಸು

ಆ ವರ್ಷ ಮಾರ್ಚಿನಿಂದ ಮೇ ತಿಂಗಳವರೆಗೆ ಅಮೆರಿಕದ ಸನ್ನಿವೇಲಿನ ನಮ್ಮ ಅಪಾರ್ಟ್‌ಮೆಂಟಿನ ಊಟದ ಮೇಜಿನಲ್ಲಿ ಅರ್ಧ ಜಾಗವನ್ನು ಯೂರೋಪು ಹಿಡಿದುಕೊಂಡಿತ್ತು. ಲೈಬ್ರರಿಯ ಮೂರು ಗೈಡು ಪುಸ್ತಕ, ನನ್ನವರು ಆಫೀಸಿನ ಪ್ರಿಂಟರಿನಲ್ಲಿ ತೆಗೆದುಕೊಂಡು ಬಂದ ರೈಲಿನ ವೇಳಾಪಟ್ಟಿಗಳು, ಹಳದಿ ಹೈಲೈಟರು. ಹುಳಿಯ ಪಾತ್ರೆ ಇಡಬೇಕೆಂದರೆ ಇಟಲಿಯನ್ನು ಸರಿಸಬೇಕಾಗಿತ್ತು.

ಮಗಳು ಹೈಸ್ಕೂಲು ಮುಗಿಸುವುದರಲ್ಲಿದ್ದಳು. ಆಗಸ್ಟಿನಲ್ಲಿ ಬಾಸ್ಟನ್ನಿನ ಕಾಲೇಜಿಗೆ ಹೋಗುವವಳು. ಅದಕ್ಕೆ ಮೊದಲು ಮೂವರೂ ಒಟ್ಟಿಗೆ ಎಲ್ಲಾದರೂ ಹೋಗಿ ಬರೋಣವೆಂದು ಹಟ ಹಿಡಿದವಳು ನಾನು. ನನ್ನವರದು ಹೊಸ ಇಂಟರ್ನೆಟ್ ಕಂಪನಿ. ಅಲ್ಲಿ ಹುಡುಗರು ಮೇಜಿನ ಕೆಳಗೆ ಹಾಸಿಗೆ ಇಟ್ಟುಕೊಂಡಿದ್ದ ಕಾಲ ಅದು. ರಜೆ ಕೇಳಿದರೆ ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸುತ್ತಿದ್ದರು. ಹೇಗೋ ಎರಡು ವಾರ ಸಿಕ್ಕಿತು.

ಉಳಿದ ಪ್ರಶ್ನೆ ಒಂದೇ. ರೈಲಿಗೆ ಪಾಸು ತೆಗೆದುಕೊಳ್ಳುವುದೋ, ಆಯಾ ಊರಿನಲ್ಲಿ ಬಿಡಿ ಟಿಕೆಟ್ಟೋ. ಪಾಸನ್ನು ಅಮೆರಿಕದಲ್ಲೇ ಕೊಂಡು ಹೋಗಬೇಕು, ಅಲ್ಲಿಗೆ ಹೋದಮೇಲೆ ಸಿಗದು. ಹಾಗಾಗಿ ತೀರ್ಮಾನ ನಮ್ಮ ಅಡುಗೆಮನೆಯಲ್ಲೇ ಆಗಬೇಕಿತ್ತು.

ನನ್ನವರು ಹುಟ್ಟಾ ಪಾಸಿನ ಪಕ್ಷ. ಬೆಂಗಳೂರಿನಲ್ಲಿ ಓದುವಾಗ ಬಸ್ ಪಾಸು ಸುಮ್ಮನೆ ಜೇಬಿನಲ್ಲಿರಬಾರದೆಂದು ಭಾನುವಾರ ಜಯನಗರದಿಂದ ಮಲ್ಲೇಶ್ವರಕ್ಕೆ ಹೋಗಿ, ಒಂದು ಕಾಫಿ ಕುಡಿದು ವಾಪಸು ಬರುತ್ತಿದ್ದವರು. ಕೆಳಗಿನ ಮನೆಯ ಮೈಸೂರಿನಾಕೆ ಟಿಕೆಟ್ಟಿನ ಪಕ್ಷ. ಶುಕ್ರವಾರ ಅವರ ಯಜಮಾನರು ನಮಾಜಿಗೆ ಹೋದ ಹೊತ್ತಿಗೆ ಮೇಲೆ ಬಂದು ನನ್ನ ಜೊತೆ ಚಹಾ ಕುಡಿಯುವುದು ರೂಢಿ.

"ಪಾಸ್ ಮಾತ್ರ ಬೇಡ ಕಣ್ರೀ," ಎಂದರು. "ಹೋದ್ ವರ್ಷ ನಮ್ಮವ್ರು ಪಾಸ್ ವಸೂಲಾಗ್ಬೇಕು ಅಂತ ಹತ್ತು ದಿನ ನನ್ನ ರೈಲಿಂದ ಇಳಿಯೋಕೇ ಬಿಡ್ಲಿಲ್ಲ. ಯೂರೋಪ್ ಹೇಗಿತ್ತು ಅಂತ ಯಾರಾದ್ರೂ ಕೇಳಿದ್ರೆ, ಕಿಟಕಿ ಗಾಜು ಭಾಳ ಕ್ಲೀನಾಗಿತ್ತು ಅಂತೀನಿ."

ಮಗಳೂ ಟಿಕೆಟ್ಟಿನ ಪಕ್ಷವೇ. ಅವಳ ಕಾರಣ ಬೇರೆ. ಶಾಲೆಯಲ್ಲಿ ಜರ್ಮನ್ ಕಲಿಯುವಾಗ ಟೀಚರು ಕೊಟ್ಟ ವಿಳಾಸದಿಂದ ಅವಳಿಗೊಬ್ಬ ಪತ್ರದ ಗೆಳತಿ ಸಿಕ್ಕಿದ್ದಳು. ನಾವು ತಂಗಲಿದ್ದ ಜ್ಯೂರಿಕ್‌ನಿಂದ ಒಂದೂವರೆ ತಾಸು ದೂರ, ಸರೋವರದ ದಂಡೆಯ ಕೊನ್‌ಸ್ಟಾಂಜ್ ಎಂಬ ಊರಿನವಳು.

"ಒಂದು ದಿನ ನಾನು ಅಲ್ಲಿಗೆ ಹೋಗ್ತೀನಿ. ಬೈ ಮೈಸೆಲ್ಫ್. ಸಂಜೆ ವಾಪಸ್," ಎಂದಳು.

"ಒಬ್ಬಳೇ ಯಾಕೆ? ಮೂರು ಜನವೂ ಹೋಗೋಣ."

"ಅಮ್ಮಾ, ಫೋರ್ ಇಯರ್ಸ್ ಲೆಟರ್ ಬರೆದಿದೀನಿ. ಫಸ್ಟ್ ಟೈಮ್ ಮೀಟ್ ಮಾಡುವಾಗ ನೀನು ಪಕ್ಕದಲ್ಲಿ ಚಟ್ನಿಪುಡಿ ಡಬ್ಬಿ ಹಿಡ್ಕೊಂಡು ನಿಂತಿರ್ತೀಯ."

ಅಷ್ಟರಲ್ಲಿ ನನ್ನವರಿಗೆ ಇನ್ನೊಂದು ಬಗೆಯ ಪಾಸು ಕಂಡಿತು. ಕೂಡಿ ಪ್ರಯಾಣ ಮಾಡುವವರಿಗೆ ರಿಯಾಯಿತಿ. ಐದು ದಿನದ ಓಡಾಟ. ಕೆಳಗಿನ ಸಣ್ಣ ಅಕ್ಷರಗಳನ್ನು ನಾನು ಕನ್ನಡಕ ಹಾಕಿಕೊಂಡು ಓದಿದೆ. ಮೂವರ ಹೆಸರೂ ಒಂದೇ ಕಾಗದದ ಮೇಲೆ ಇರುತ್ತದೆ, ಮೂವರೂ ಒಂದೇ ರೈಲಿನಲ್ಲಿ ಇರಬೇಕು. ಓದಿ ನನಗಾದ ಸಮಾಧಾನವನ್ನು ಈಗ ಒಪ್ಪಿಕೊಳ್ಳುತ್ತೇನೆ. ಬೇಡವೆನ್ನುವ ಕೆಲಸ ನನ್ನ ಮೇಲಿಂದ ಇಳಿದು ರೈಲಿನವರ ಮೇಲೆ ಬಿತ್ತು.

"ಇದೇ ತಗೊಳ್ಳೋಣ. ರಿಯಾಯಿತಿ ಇದೆ," ಎಂದೆ.

"ದಿಸ್ ಈಸ್ ನಾಟ್ ಅಬೌಟ್ ದ ಡಿಸ್ಕೌಂಟ್," ಎಂದಳು ಮಗಳು.

"ನಿನಗೆ ಆ ದಿನ ಬೇರೆ ಟಿಕೆಟ್ ಕೊಡಿಸಬಹುದಪ್ಪ," ಎಂದು ಶುರುಮಾಡಿದ ನನ್ನವರು ತಾವೇ ತಲೆಯಾಡಿಸಿದರು. "ಆದ್ರೆ ಪಾಸ್ ಇಟ್ಕೊಂಡು ಯಾರಾದ್ರೂ ಟಿಕೆಟ್ ತಗೋತಾರಾ?"

ಮಗಳು ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟಳು. ಮತ್ತೆ ಆ ಮಾತು ಎತ್ತಲಿಲ್ಲ. ಅವಳು ವಾದ ಮಾಡುವವಳು. ಸುಮ್ಮನಾದದ್ದು ನನಗೆ ಕಿರಿಕಿರಿಯಾಯಿತು. ಆದರೂ ಶನಿವಾರ ಪಾಲೋ ಆಲ್ಟೋದ ಟ್ರಾವೆಲ್ ಆಫೀಸಿಗೆ ಹೋಗಿ ಪಾಸು ತಂದೆವು.

ಪಾಸಿನ ಮೇಲೆ ಐದು ಖಾಲಿ ಚೌಕ. ರೈಲು ಹತ್ತುವ ಮುಂಚೆ ಒಂದು ಚೌಕದಲ್ಲಿ ಆ ದಿನದ ತಾರೀಖನ್ನು ಪೆನ್ನಿನಲ್ಲಿ ಬರೆಯಬೇಕು. ತಿದ್ದುವಂತಿಲ್ಲ. ನಮ್ಮ ಮನೆಯಲ್ಲಿ ಫಾರಂ ತುಂಬುವ ಕೆಲಸ ನನ್ನದು. ಅಮೆರಿಕಕ್ಕೆ ಬಂದ ಹೊಸತರಲ್ಲಿ ಮಗಳ ಚುಚ್ಚುಮದ್ದಿನ ಕಾಗದದಲ್ಲಿ ನಮ್ಮೂರಿನ ಹಾಗೆ ಮೊದಲು ದಿನ, ಆಮೇಲೆ ತಿಂಗಳು ಬರೆದು ಡೇಕೇರಿನ ಬಾಗಿಲಿಂದ ವಾಪಸು ಬಂದಿದ್ದೆ. ಅಂದಿನಿಂದ ಮೊದಲು ತಿಂಗಳು, ಆಮೇಲೆ ದಿನ ಎಂದು ಕೈಗೆ ಪಾಠ ಮಾಡಿಸಿದ್ದೆ. ಮನೆಖರ್ಚಿನ ಡೈರಿಯಲ್ಲೂ ಹಾಗೇ ಬರೆಯುತ್ತಿದ್ದೆ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಪ್ಯಾರಿಸ್ಸಿನ ಸ್ಟೇಷನ್ನಿನಲ್ಲಿ, ಸೂಟ್‌ಕೇಸಿನ ಮೇಲೆ ಪಾಸನ್ನಿಟ್ಟು, ದುಂಡಗೆ ಬರೆದೆ. ಜುಲೈ ಒಂಬತ್ತು. ಮೇಲೆ ಏಳು, ಕೆಳಗೆ ಒಂಬತ್ತು.

ಕಂಡಕ್ಟರು ಪಾಸನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಮದುವೆಯ ತಾರೀಖು ಮರೆತವರಿಗೆ ನೆನಪಿಸುವ ಹಾಗೆ ಮೆಲ್ಲಗೆ, "ಮೇಡಂ, ಇದು ಸೆಪ್ಟೆಂಬರ್ ಏಳು," ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಯೂರೋಪಿನಲ್ಲಿ ನಮ್ಮೂರಿನ ಕ್ರಮವೇ. ಮರೆಯಲೆಂದು ಇಷ್ಟು ವರ್ಷ ಕಷ್ಟಪಟ್ಟದ್ದೇ ಅಲ್ಲಿ ಬೇಕಾಗಿತ್ತು. ತಿದ್ದಿದರೆ ಪಾಸೇ ಹೋಗುತ್ತದೆ. ಆ ಚೌಕ ಕೆಟ್ಟಿತೆಂದು ಬಿಟ್ಟು, ಮುಂದಿನದರಲ್ಲಿ ಇವತ್ತಿನ ತಾರೀಖು ಬರೆಯಿರಿ ಎಂದರು. ಮಗಳು ಪೆನ್ನು ತೆಗೆದುಕೊಂಡು ತಾನೇ ಬರೆದಳು. ಐದು ದಿನ ನಾಲ್ಕಾಯಿತು.

ನನ್ನವರು ಸ್ವಿಟ್ಜರ್ಲೆಂಡಿನ ಗಡಿಯವರೆಗೂ ಆ ಕೆಟ್ಟ ಚೌಕವನ್ನೇ ನೋಡುತ್ತಿದ್ದರು. ಆಮೇಲೆ, "ಹೋಗ್ಲಿ ಬಿಡು, ಅಕ್ಷರ ಚೆನ್ನಾಗಿದೆ," ಎಂದರು.

ಜ್ಯೂರಿಕ್, ಫ್ಲಾರೆನ್ಸ್, ವೆನಿಸ್, ಮತ್ತೆ ಜ್ಯೂರಿಕ್. ನಾಲ್ಕು ಚೌಕಗಳೂ ತುಂಬಿದವು. ಕೊನೆಯ ದಿನ ಮೂವರೂ ಲೂಸರ್ನ್‌ಗೆ ಹೋಗಿಬರುವುದೆಂದಿತ್ತು. ಪಾಸು ಮುಗಿದಿದ್ದರಿಂದ ಬಿಡಿ ಟಿಕೆಟ್ಟು ಕೊಳ್ಳಲು ಬೆಳಿಗ್ಗೆ ಸ್ಟೇಷನ್ನಿಗೆ ಹೋದೆವು. ನನ್ನವರು ಸಾಲಿನಲ್ಲಿ ನಿಂತರು. ಮಗಳು ತಲೆಯೆತ್ತಿ ರೈಲುಗಳ ದೊಡ್ಡ ಹಲಗೆಯನ್ನು ಓದುತ್ತಿದ್ದಳು. ಲೂಸರ್ನ್‌ನ ಸಾಲು ಎಡಕ್ಕಿತ್ತು. ಅವಳು ನೋಡುತ್ತಿದ್ದದ್ದು ಬಲಕ್ಕೆ, ಕೊನ್‌ಸ್ಟಾಂಜಿನ ಸಾಲನ್ನು. ಮೇ ತಿಂಗಳಲ್ಲಿ ತಟ್ಟೆ ತೊಳೆದಿಟ್ಟ ಮುಖವೇ ಅದು.

ಈಗ ಮುಂದೆ ಹಿಡಿಯಲು ನನ್ನ ಬಳಿ ಯಾವ ನಿಯಮವೂ ಇರಲಿಲ್ಲ. ಬೇಡವೆನ್ನುವುದಾದರೆ ನಾನೇ ಅನ್ನಬೇಕು.

"ಅವಳ ಫೋನ್ ನಂಬರ್ ಇದೆಯೇನೇ?" ಎಂದೆ.

ಮಗಳು ಜೇಬಿನಿಂದ ಚೀಟಿ ತೆಗೆದಳು. ಮಡಚಿ ಮಡಚಿ ಅಂಚು ಸವೆದಿತ್ತು. ಸನ್ನಿವೇಲಿನಿಂದಲೇ ಜೇಬಿನಲ್ಲಿತ್ತು ಅದು.

ಸ್ಟೇಷನ್ನಿನ ಫೋನಿನಿಂದ ಗೆಳತಿಗೆ ತಿಳಿಸಿ ಬಂದು, ಕೌಂಟರಿನವರೊಡನೆ ಅವಳು ಜರ್ಮನ್ನಿನಲ್ಲಿ ಮಾತಾಡಿದಳು. ಅವರೇನೋ ಕೇಳಿದರು. ಇವಳು ನನ್ನ ಕಡೆ ತಿರುಗಿ, "ಬರೀ ಹೋಗೋದಾ, ಬರೋದೂ ಸೇರಿಸಿನಾ ಅಂತಿದಾರೆ," ಎಂದಳು.

"ಬರೋದೂ ಸೇರಿಸಿ ತಗೋ," ಎಂದೆ.

ನಾವಿಬ್ಬರು ಲೂಸರ್ನ್‌ಗೆ ಹೋಗಲಿಲ್ಲ. ಜ್ಯೂರಿಕ್‌ನಲ್ಲೇ ಸರೋವರದ ಪಕ್ಕದ ಬೆಂಚಿನಲ್ಲಿ ಕೂತು ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ನನ್ನವರು ತೊಡೆಯ ಮೇಲೆ ವೇಳಾಪಟ್ಟಿ ಹರಡಿಕೊಂಡು, "ಈಗ ವಿಂಟರ್‌ಥೂರ್ ದಾಟಿರ್ತಾಳೆ," "ಈಗ ಇಳಿದಿರ್ತಾಳೆ," ಎನ್ನುತ್ತಿದ್ದರು. ಮಧ್ಯಾಹ್ನವಾದ ಮೇಲೆ ಹೇಳಲು ಏನೂ ಉಳಿಯದೆ ವಾಪಸಿನ ಪಟ್ಟಿಗೆ ತಿರುಗಿದರು.

ಸಂಜೆ ಅವಳು ಹೇಳಿದ ರೈಲಿನಲ್ಲೇ ಬಂದಳು. ಬಿಸಿಲಿಗೆ ಮೂಗು ಕೆಂಪಾಗಿತ್ತು. ಏನು ಮಾಡಿದಿರಿ ಎಂದರೆ "ಸುಮ್ನೆ ಮಾತಾಡಿದ್ವಿ" ಎಂದಳು. ಸ್ವಲ್ಪ ದೂರ ನಡೆದ ಮೇಲೆ ನನ್ನ ತೋಳಿಗೆ ತೋಳು ಸಿಕ್ಕಿಸಿ, "ಅಮ್ಮಾ, ನೀನು ಬೇಕಂತ್ಲೇ ರಾಂಗ್ ಡೇಟ್ ಬರೆದ್ಯಾ?" ಎಂದು ಕೇಳಿದಳು.

"ಇಲ್ಲ," ಎಂದೆ. ನಿಜ ಅದೇ.

ಸನ್ನಿವೇಲಿಗೆ ಬಂದು ಸೂಟ್‌ಕೇಸು ಬಿಚ್ಚುವಾಗ ಪಾಸನ್ನು ಪಾಸ್‌ಪೋರ್ಟುಗಳ ಡಬ್ಬಿಗೆ ಹಾಕಿದೆ. ಈಗಲೂ ಅಲ್ಲೇ ಇದೆ, ನನ್ನ ಸೆಪ್ಟೆಂಬರ್ ಏಳರ ಸಮೇತ. ಕೊನ್‌ಸ್ಟಾಂಜಿನ ಟಿಕೆಟ್ಟನ್ನೂ ಕೊಡು, ಜೊತೆಗಿಡುತ್ತೇನೆ ಎಂದು ಕೇಳಿದೆ.

"ನೋ, ಅದು ನಂದು," ಎಂದಳು. ಬಾಸ್ಟನ್ನಿಗೆ ಹೊರಟ ಪೆಟ್ಟಿಗೆಯಲ್ಲಿ ಅದನ್ನು ನಿಘಂಟಿನ ನಡುವೆ ಇಟ್ಟುಕೊಂಡಿದ್ದಳು. ಬಟ್ಟೆ ಜೋಡಿಸುವಾಗ ನೋಡಿದೆ. ನೋಡಿ, ಅಲ್ಲೇ ಬಿಟ್ಟೆ.