ಗುರುಮಲ್ಲಮ್ಮ ಕೊಟ್ಟ ಮಜ್ಜಿಗೆ

ಹರದನಹಳ್ಳಿಯ ಗುರುಮಲ್ಲಮ್ಮನ ಮನೆಯಲ್ಲಿ ಆರು ವರ್ಷದಿಂದ ಮೊಸರು ಕಡೆದಿಲ್ಲ. ಹಸುವಿದೆ, ಹಾಲೆಲ್ಲ ಡೇರಿಗೆ ಹೋಗುತ್ತದೆ. ಕೇಳಿದವರಿಗೆ ಶೀತದ ನೆಪ ಹೇಳುತ್ತಾಳೆ.

ಸುತ್ತಮುತ್ತ ಕುಡಿದವನ ಗಾಡಿಗೆ ಯಾರಾದರೂ ಸಿಕ್ಕರೆಂದರೆ ಮರುದಿನ ಮೊದಲ ಬಸ್ಸಿಗೇ ಅವಳು ಹಾಜರ್. ದೂರು ಬರೆಸುತ್ತಾಳೆ, ಚಾಮರಾಜನಗರದ ಕೋರ್ಟಿಗೆ ಜೊತೆಗೆ ಹೋಗುತ್ತಾಳೆ, ಸಾಹೇಬರ ಮುಂದೆ ಬಾಯಿ ಬಿಡಲು ಧೈರ್ಯ ಹೇಳುತ್ತಾಳೆ. ಸಾವಿನ ಮನೆಗೆ ಕಾಲಿಟ್ಟವಳು ಮೊದಲು ಕೇಳುವುದು, ಡ್ರೈವರನ ರಕ್ತ ತೆಗೆಸಿದಿರಾ ಎಂದು. ಹೆಣದ ಮುಂದೆ ಇದೆಂಥ ಮಾತು ಎಂದು ಬೈದವರೇ ಹೆಚ್ಚು.

ಉಡಿಗಾಲದ ಕುಮಾರಿಯೂ ಬೈದಳು. ಗುಂಡ್ಲುಪೇಟೆಯಲ್ಲಿ ಈರುಳ್ಳಿ ಇಳಿಸಿ ಕುಡಿದು ಬರುತ್ತಿದ್ದ ಟೆಂಪೊದವನು ಅವಳ ಕಣ್ಣೆದುರೇ ಗಂಡ ಮಾದೇಶನನ್ನು ಕೊಂದಿದ್ದ. ಅವನು ಕುಡಿದಿದ್ದನೆಂದು ರಕ್ತದ ವರದಿ ಬಂದಿತ್ತು. ಆದರೆ ರಾಜಿಗೆ ಕೂತ ಊರ ಯಜಮಾನರಿಗೆ ಸತ್ತವನಿಗಿಂತ ಬದುಕಿದವನ ಮೇಲೇ ಮರುಕ. ಹೋದ ಜೀವ ಬರುತ್ತದಾ, ಮಾದೇಶನೇ ಅಡ್ಡ ಬಂದ ಅಂತ ಕೋರ್ಟಲ್ಲಿ ಹೇಳಿಬಿಡು ಎಂದು ಕುಮಾರಿಯನ್ನು ಒಪ್ಪಿಸಿದ್ದರು. ಇಂಥ ಕನಿಕರಕ್ಕಿಷ್ಟು ಬೆಂಕಿ ಬೀಳ! ಗುರುಮಲ್ಲಮ್ಮ ಮತ್ತೆ ಅವಳ ಮನೆಗೆ ಬಂದಾಗ, ಸಾಕ್ಷಿ ಹೇಳುವುದು ಮಾರನೆಯ ದಿನವೇ ಇತ್ತು.

"ಅವುನ್ಗೂ ಎಳೆ ಮಕ್ಳವೆ. ಪಾಪ ಅನ್ನದ್ ಬ್ಯಾಡ್ವಾ?" ಎಂದಳು ಕುಮಾರಿ.

ಗುರುಮಲ್ಲಮ್ಮ ಹೊಸ್ತಿಲ ಮೇಲೆ ಕೂತಳು. ಗಂಡ ಮೂಗಯ್ಯನಿಗೂ ಹೇಳದಿದ್ದ ಮಾತು ಆವತ್ತು ಹೊರಬಿತ್ತು. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳ ಮನೆ ಮುಂದಿನ ರಸ್ತೆಯಲ್ಲಿ ಗಲಾಟೆ. ಹುಡುಗಿಯೊಬ್ಬಳಿಗೆ ಗಾಡಿ ಗುದ್ದಿಸಿ, ದೊಣ್ಣೆ ಹಿಡಿದ ಜನಕ್ಕೆ ಹೆದರಿ ಒಬ್ಬ ಡ್ರೈವರು ಅವಳ ಮನೆಗೆ ನುಗ್ಗಿದ. ಹೊಸ್ತಿಲು ದಾಟಿ ಬಂದವನನ್ನು ಬಾಯಾರಿಕೆಯಲ್ಲೇ ಕಳಿಸುವ ಮನೆತನವಲ್ಲ. ಬಾಗಿಲು ಹಾಕಿಕೊಂಡು ಕೂರಿಸಿದಳು. ಬಿದ್ದ ಹುಡುಗಿಯ ಗುರುತು ಯಾರಿಗೂ ಹತ್ತಿರಲಿಲ್ಲ. ತನ್ನ ಮಗಳು ಪ್ರಿಯಾಂಕ ಕಾಲೇಜಿನಲ್ಲಿದ್ದಾಳೆಂದೇ ಇವಳು ತಿಳಿದಿದ್ದಳು.

"ವಾಂತಿ ಮಾಡ್ಕಂಡ. ತಲೆಗ್ ನೀರುಯ್ದೆ, ನಿಂಬೆಅಣ್ ಇಂಡಿ ಮಜ್ಜಿಗೆ ಕೊಟ್ಟೆ, ಚಾಪೆ ಆಸ್ದೆ. ಪೊಲೀಸ್ನೋರು ಕರ್ಕಂಡೋದಾಗ ಸಂಜೆ ಆಗಿತ್ತು. ಡಾಕ್ಟ್ರು ಎಂಡದ್ ವಾಸ್ನೆ ಇಲ್ಲ ಅಂತ ಬರುದ್ರು, ರಕ್ತ ತಗೀನೇ ಇಲ್ಲ. ನನ್ ಮಗಳ್ನ ಕೊಂದೋನ್ನ ನಾನೇ ಉಳುಸ್ಬುಟ್ಟೆ ಕಣಮ್ಮಿ."

ಮಾರನೆಯ ದಿನ ಕುಮಾರಿ ಕಂಡದ್ದನ್ನು ಕಂಡಂತೆ ಹೇಳಿದಳು. ಟೆಂಪೊ ಡ್ರೈವರನಿಗೆ ಶಿಕ್ಷೆಯಾಯಿತು. ಊರಲ್ಲಿ ಅವಳನ್ನು ಕೂಲಿಗೆ ಕರೆಯುವವರು ಕಡಿಮೆಯಾದರು, ಅಷ್ಟೇ ಬಂದ ಬಹುಮಾನ.

ಈಗ ಇಬ್ಬರೂ ಜೋಡಿಯಾಗಿ ಹೋಗುತ್ತಾರೆ. ಮಾತೆಲ್ಲ ಕುಮಾರಿಯದೇ. ಮೊನ್ನೆ ಗುಂಡ್ಲುಪೇಟೆಯ ಒಂದು ಮನೆಯಲ್ಲಿ, ಮಗನನ್ನು ಕಳೆದುಕೊಂಡ ಗಂಗಾಂಬಿಕೆ ಎಂಬಾಕೆಯ ಮುಂದೆ, ಹೆಸರೆತ್ತದೆ ಆ ಮಜ್ಜಿಗೆಯ ಕಥೆ ಹೇಳಿದಳು.

"ಅಂತಾ ದಡ್ಡಿ ಯಾರವ್ವ?" ಎಂದಳು ಗಂಗಾಂಬಿಕೆ.

ಗುರುಮಲ್ಲಮ್ಮ ತಲೆಯೆತ್ತಿದಳು.

"ನಾನೇ ಕಣವ್ವ. ಈಗ್ ನೀನೇಳು, ಡ್ರೈವರ್ ರಕ್ತ ತೆಗುಸುದ್ರಾ?"