ತುರಿಸದ ಉಂಗುರಗಳು

ದೊಡವಾಡದ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದದ್ದನ್ನು ಅವ್ವನಿಗೆ ಓದಿ ಹೇಳಿದವಳು ನಾನೇ. ತೊಂಬತ್ತರ ದಶಕ, ನಾನಾಗ ಐದನೇ ಇಯತ್ತೆ. ಓದಲು ಬರುತ್ತದೆಂಬ ಜಂಬಕ್ಕೆ ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದೆ. ಸ್ಪರ್ಶವಿಲ್ಲದ, ತುರಿಸದ ಮಚ್ಚೆ ಕಂಡರೆ ಕುಷ್ಠವಿರಬಹುದು, ತೋರಿಸಿಕೊಳ್ಳಿ ಎಂದಿತ್ತು. ಅವ್ವ ನನ್ನನ್ನು ದರದರನೆ ಮನೆಗೆ ಎಳೆದುಕೊಂಡು ಬಂದಳು.

ನನ್ನ ಹೊಟ್ಟೆ, ಬೆನ್ನು, ತೋಳಿನ ಒಳಬದಿಯಲ್ಲಿ ಗುಲಾಬಿ ಬಣ್ಣದ ಉಂಗುರಗಳು ಎದ್ದಿದ್ದವು. ಬಿಸಿನೀರು ಬಿದ್ದರೆ ಎದ್ದು ಕಾಣುತ್ತಿದ್ದವು, ಸಂಜೆಗೆ ಮಾಯ. ತುರಿಕೆ ಒಂದಿಷ್ಟೂ ಇರಲಿಲ್ಲ. ಅದಕ್ಕೂ ಮೊದಲು ಗಂಟಲು ನೋವು, ಜ್ವರ ಬಂದು ಹೋಗಿ ಮೊಣಕಾಲು ಬಾತಿದ್ದವು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಒಮ್ಮೆ ಚಿವುಟಿ ನೋಡಿದ್ದರೂ ಸಾಕಿತ್ತು, ಸ್ಪರ್ಶ ಇದೆಯೆಂದು ತಿಳಿಯುತ್ತಿತ್ತು; ಅವ್ವನಿಗೆ ಧೈರ್ಯ ಬರಲಿಲ್ಲ. ಅಕ್ಕನನ್ನು ನೋಡಲು ಸವದತ್ತಿಯಿಂದ ಬೀಗರು ಬರುವವರಿದ್ದರು. ಕುಷ್ಠವನ್ನು ನಮ್ಮಲ್ಲಿ ಹೆಸರು ಹಿಡಿದು ಹೇಳುವುದಿಲ್ಲ, ದೊಡ್ಡ ಬ್ಯಾನಿ ಎನ್ನುತ್ತಾರೆ. ಅವ್ವ ಅದನ್ನೂ ಅನ್ನಲಿಲ್ಲ.

"ಯಾರರೆ ಕೇಳಿದ್ರ ಕಡೀತೈತಿ ಅನ್ನು" ಎಂದಳು.

ತುರಿಕೆಯಿದ್ದರೆ ಅದು ಬರೀ ಗಜಕರ್ಣ. ಗಜಕರ್ಣ ಯಾರ ಮನೆಯಲ್ಲಿಲ್ಲ? ಮಂದಿ ಕಂಡಾಗಲೆಲ್ಲ ನಾನು ಪರಪರ ಕೆರೆದುಕೊಂಡೆ. ಊರ ಕಂಪೌಂಡರ ಮುಲಾಮು ಕೊಟ್ಟ. ಗಜಕರ್ಣ ಅಂಟೀತೆಂದು ಶಾಲೆಯಲ್ಲಿ ಪಕ್ಕದವಳು ಜಾಗ ಬದಲಿಸಿದಳು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಅವಳಿಗೆ ನಿಜ ಗೊತ್ತಾಗಿದೆ ಎಂದೇ ನಾನು ತಿಳಿದೆ. ನಾಚಿಕೆಗೆ ತಲೆ ಎತ್ತಲಾಗಲಿಲ್ಲ.

ಒಂದು ದಿನ ಮಾಳಿಗೆ ಹತ್ತುವಾಗ ಏದುಸಿರು ಬಂದು ಕುಸಿದೆ. ಧಾರವಾಡಕ್ಕೆ ಒಯ್ದರು. ಡಾಕ್ಟರು ಬಹಳ ಹೊತ್ತು ಎದೆ ಆಲಿಸಿದರು, ಅಂಗಿ ಎತ್ತಿ ಉಂಗುರ ನೋಡಿದರು, ತುರಿಸುತ್ತದೆಯೇ ಎಂದು ನನ್ನನ್ನೇ ಕೇಳಿದರು. ನಾನು ಅವ್ವನ ಮುಖ ನೋಡಿದೆ. ಹೌದೆಂದು ಅವ್ವನೇ ಹೇಳಿದಳು. ಅವರು ನಂಬಲಿಲ್ಲ. ಇದು ಚರ್ಮದ ರೋಗವೇ ಅಲ್ಲ, ಗಂಟಲಿನಿಂದ ಶುರುವಾದ ಜ್ವರ ಕೀಲು ಹಿಡಿದು ಹೃದಯಕ್ಕೆ ಇಳಿದಿದೆ, ಕವಾಟ ಕೆಟ್ಟಿದೆ, ವರ್ಷಗಟ್ಟಲೆ ಇಂಜೆಕ್ಷನ್ ಬೇಕು ಎಂದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಗದರಿದರು.

"ಹಂಗಾರ ದೊಡ್ಡ ಬ್ಯಾನಿ ಅಲ್ಲಲ್ರೀ?"

ಅಲ್ಲ ಎಂದಾಗ ಅವ್ವ ಕೈಮುಗಿದಳು, ಮುಖ ಅರಳಿತು. ನಾನೂ ನಕ್ಕುಬಿಟ್ಟೆ. ಆಗ ಡಾಕ್ಟರು ನಮ್ಮಿಬ್ಬರನ್ನೂ ನೋಡಿದ ರೀತಿ ನೆನೆದರೆ ಈಗಲೂ ಹಿಡಿಯಷ್ಟಾಗುತ್ತೇನೆ.

ಹೊರಗೆ ಬಂದವಳೇ ಅವ್ವ ಪೇಢೆ ಕೊಂಡಳು. ಊರಿಗೆ ಮರಳಿ, ಮಗಳಿಗೆ ಆಗಿರುವುದು ಹಾರ್ಟಿನ ತೊಂದರೆ ಎಂದು ಓಣಿಯ ಮನೆಮನೆಗೂ ಹೇಳಿದಳು. ಕೆಟ್ಟ ಎದೆ ಹೊತ್ತು, ಪೇಢೆಯ ಡಬ್ಬಿ ಹಿಡಿದು, ನಾನು ಖುಷಿಯಿಂದಲೇ ಅವಳ ಹಿಂದೆ ನಡೆದೆ.